ಗುಬ್ಬಿಯಿಂದ ಬಂದ ಪಂಪುಗಳ ಪಟ್ಟಿ

ಕಾಲಂನಲ್ಲಿ ಒಂದು ಅಂಕಿ ಪಕ್ಕಕ್ಕೆ ಸರಿದಿದ್ದರೂ ನನಗೆ ಮೈ ಉರಿಯುತ್ತದೆ. ಈ ಕಾಯಿಲೆ ಹುಟ್ಟಿನಿಂದ ಬಂದದ್ದೋ, ಟೈಪ್‌ರೈಟರ್ ಮುಂದೆ ಕೂತು ಕೂತು ಅಂಟಿಕೊಂಡದ್ದೋ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಶಿರಾ ಗೇಟ್ ಹತ್ತಿರ ಪಂಪ್‌ಸೆಟ್ ಮಾರುವ ಅಂಗಡಿಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಮನೆ ಶೆಟ್ಟಿಹಳ್ಳಿಯಲ್ಲಿ. ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ನಡಿಗೆ.

ಅಂಗಡಿಯ ಮಾಲೀಕರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದರು. ಕುಣಿಗಲ್ಲಿನಲ್ಲೂ ಗುಬ್ಬಿಯಲ್ಲೂ ಅವರದೇ ಒಂದೊಂದು ಸಣ್ಣ ಅಂಗಡಿ ಇತ್ತು. ಮೂರೂ ಕಡೆ ಮಾರುವ ಪಂಪುಗಳ ವಿವರವನ್ನೆಲ್ಲ ಸೇರಿಸಿ ಒಂದು ಪುಸ್ತಕ ಅಚ್ಚು ಹಾಕಿಸಬೇಕೆಂದು ಒಂದು ದಿನ ಅವರಿಗೆ ಹೊಳೆಯಿತು. ಕೆಲಸ ನನ್ನ ಪಾಲಿಗೆ ಬಂತು.

"ನೋಡಮ್ಮಾ, ಬುಕ್ಕು ಕೈಗೆ ತಗೊಂಡವ್ರಿಗೆ ಇದು ಒಂದೇ ಅಂಗಡಿ ಅನ್ನಿಸ್ಬೇಕು. ಮೂರು ಜನ ಮೂರು ಕಡೆ ಎಳೀತವ್ರೆ ಅನ್ನಿಸ್ಬಾರ್ದು" ಅಂದರು.

ಎಳೆಯುತ್ತಿದ್ದದ್ದು ನಿಜ. ತುಮಕೂರಿನ ಪಟ್ಟಿಯಲ್ಲಿ ಅಡಿ ಮತ್ತು ಗ್ಯಾಲನ್. ಕುಣಿಗಲ್ಲಿನ ಗುಮಾಸ್ತ ಹೊಸದಾಗಿ ಓದಿ ಬಂದವನು, ಮೀಟರ್ ಮತ್ತು ಲೀಟರ್ ಬಿಟ್ಟು ಮಾತೇ ಇಲ್ಲ. ಗುಬ್ಬಿಯದು ಅಲ್ಲಿನ ಅಂಗಡಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯೊಬ್ಬರ ಕೈಬರಹ. ಐವತ್ತು ದಾಟಿದ ಮನುಷ್ಯ, ಆ ತಾಲ್ಲೂಕಿನ ಬಾವಿಗಳಿಗೆಲ್ಲ ಪಂಪು ಕೂರಿಸಿದವರು. ಉಳಿದವರೆಲ್ಲ ನೀರೆತ್ತುವ ಎತ್ತರಕ್ಕೆ ಒಂದೇ ಅಂಕಿ ಬರೆದಿದ್ದರೆ ಇವರು ಪ್ರತಿ ಪಂಪಿಗೂ ಎರಡೆರಡು ಬರೆದಿದ್ದರು. "ಹೀರೋದು 20 ಅಡಿ, ತಳ್ಳೋದು 40." ಸಾಲದ್ದಕ್ಕೆ ಅಂಚಿನಲ್ಲಿ ಓರೆಯಾಗಿ, "ಪಂಪು ನೀರಿಗೆ ಹತ್ರ ಕೂರ್ಸಿ."

ನಾನು ದೊಡ್ಡ ಹಾಳೆಗೆ ಸ್ಕೇಲಿಟ್ಟು ಗೆರೆ ಎಳೆದು ಒಂದೊಂದೇ ಮನೆ ತುಂಬಿಸುತ್ತಾ ಹೋದೆ. ಮೀಟರನ್ನು ಅಡಿ ಮಾಡಿದೆ, ಗ್ಯಾಲನ್ನನ್ನು ಲೀಟರ್ ಮಾಡಿದೆ. ಗುಬ್ಬಿಯ ಸಾಲುಗಳಿಗೆ ಬಂದಾಗ ಸಿಟ್ಟು ಬಂತು. ಎಲ್ಲರೂ ಒಂದು ಅಂಕಿ ಬರೆದರೆ ಇವರದೇನು ವಿಶೇಷ? ಇಪ್ಪತ್ತನ್ನೂ ನಲವತ್ತನ್ನೂ ಕೂಡಿಸಿ ಅರವತ್ತು ಎಂದು ಹಾಕಿದೆ. ಅಂಚಿನ ಮಾತನ್ನು ಬಿಟ್ಟೆ. ಕಾಲಂ ತಲೆಯ ಮೇಲೆ "ನೀರೆತ್ತುವ ಒಟ್ಟು ಎತ್ತರ" ಅನ್ನುವುದು ಆ ಜಾಗದಲ್ಲಿ ಹಿಡಿಸಲಿಲ್ಲವೆಂದು "ಬಾವಿಯ ಆಳ" ಎಂದು ಚಿಕ್ಕದು ಮಾಡಿದೆ. ಪ್ರೂಫ್ ಬಂದ ದಿನ ಆ ಪುಟವನ್ನು ಕಣ್ತುಂಬ ನೋಡಿದೆ. ಅಂಕಿಗಳೆಲ್ಲ ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು. ಅಷ್ಟು ಖುಷಿ ನನಗೆ ಸಂಬಳದ ದಿನವೂ ಆಗಿರಲಿಲ್ಲ.

ಪುಸ್ತಕ ಹಂಚಿ ಕೆಲವು ತಿಂಗಳಾಗಿತ್ತು. ನಿಟ್ಟೂರಿನ ಶಾಲಾ ಮೇಷ್ಟ್ರೊಬ್ಬರು ಅದನ್ನು ಓದಿ, ಗುಬ್ಬಿಯ ಅಂಗಡಿಯಿಂದ ಪಂಪು ಒಯ್ದು, ಮೇಸ್ತ್ರಿಗಾಗಿ ಕಾಯದೆ ತಾವೇ ಕೂರಿಸಿದರು. ಅವರ ಬಾವಿಯಲ್ಲಿ ನೀರಿದ್ದದ್ದು ನಲವತ್ತೈದು ಅಡಿ ಕೆಳಗೆ. ಪುಸ್ತಕದಲ್ಲಿ ಅರವತ್ತು ಎಂದಿದೆಯಲ್ಲ, ಧೈರ್ಯವಾಗಿ ಪಂಪನ್ನು ಬಾವಿಯ ದಡದ ಮೇಲಿಟ್ಟರು. ಹನಿ ನೀರು ಬರಲಿಲ್ಲ. ನೀರಿಲ್ಲದೆ ತಿರುಗಿ ತಿರುಗಿ ಪಂಪು ಕೆಟ್ಟಿತು. ಮೇಷ್ಟ್ರು ಪುಸ್ತಕ ಹಿಡಿದುಕೊಂಡು ಗುಬ್ಬಿಗೆ ಹೋಗಿ, ಸಂತೆಯ ದಿನ, ಅಂಗಡಿ ಮುಂದೆ ನಿಂತು ಮೇಸ್ತ್ರಿಯನ್ನು ಮೋಸಗಾರ ಎಂದು ಕೂಗಾಡಿದರು. ಪ್ರತಿ ಸಾಲಿನ ಕೊನೆಯಲ್ಲಿ ವಿವರ ಕೊಟ್ಟ ಊರಿನ ಹೆಸರು ಹಾಕಿದ್ದವಳೂ ನಾನೇ.

ಸುದ್ದಿ ಬಂದ ಸಂಜೆ ನಮ್ಮ ಫಿಟ್ಟರನ್ನು ಕೇಳಿದೆ, ಹೀಗೇಕಾಯಿತು ಅಂತ. "ಯಾವ್ ಪಂಪೂ ಇಪ್ಪತ್ತು ಅಡಿ ಮೇಲೆ ಹೀರಲ್ಲ ಕಣಮ್ಮ. ಅದ್ಕೇ ನಮ್ ಕಡೆ ಬಾವಿ ಒಳ್ಗಡೆ ಚಪ್ಪಡಿ ಹಾಕಿ ಅದ್ರ ಮೇಲೆ ಕೂರ್ಸೋದು. ಅಲ್ಲಿಂದ ಮೇಲಕ್ಕೆ ನಲವತ್ತು ಅಡಿ ಬೇಕಾದ್ರೂ ತಳ್ತದೆ" ಅಂದ. ಎಲ್ಲರಿಗೂ ಇದು ತಿಳಿದೇ ಇದೆ ಎಂದು ಉಳಿದವರು ಬರೆಯದೆ ಬಿಟ್ಟದ್ದನ್ನು ಮೇಸ್ತ್ರಿ ಒಬ್ಬರೇ ಬರೆದಿದ್ದರು. ಅದನ್ನು ನಾನು ಅಳಿಸಿದ್ದೆ.

ಸಾಹೇಬರು ಗುಬ್ಬಿ ಅಂಗಡಿಗೆ ಬೇರೆಯವರನ್ನು ಹಾಕುವ ಮಾತಾಡತೊಡಗಿದರು. ಮೇಸ್ತ್ರಿಯ ಪಟ್ಟಿ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಕೊಟ್ಟರೆ ಮುಗಿಯಿತು. ನಾನು ಕೊಡಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಸುಳ್ಳು ಯಾಕೆ? ಆದರೆ ಅದಕ್ಕಿಂತ ಹೆಚ್ಚಾಗಿ, ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸವೇ ತಪ್ಪು ಎಂದು ಒಪ್ಪಲು ಮನಸ್ಸು ಬರಲಿಲ್ಲ. ಒಂದು ದಿನ, ಎರಡು ದಿನ, ಹೀಗೇ ಒಂದು ವಾರ ಕಳೆಯಿತು.

ಎಂಟನೆಯ ದಿನ ಮೇಸ್ತ್ರಿಯನ್ನು ಕರೆಸಿದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕೂರಿ ಅಂದರೂ ಕೂರಲಿಲ್ಲ.

"ಇಷ್ಟು ವರ್ಷದ ಅನುಭವ, ಹಿಂಗೆ ಬರೆಯೋದಾ ಮೇಸ್ತ್ರಿ?" ಅಂದರು ಸಾಹೇಬರು.

ಮೇಸ್ತ್ರಿ ಅಂಗಿಯ ಜೇಬಿನ ಮೇಲೆ ಕೈಯಿಟ್ಟು ತೆಗೆದರು. ಆಮೇಲೆ, "ಜನ ನನ್ ಮಾತ್ ನಂಬಿ ಬಾವಿಗಿಳೀತಿದ್ರು ಸಾಹೇಬ್ರೆ. ಈಗ ಕರೆಯೋರಿಲ್ಲ. ಅಂಗ್ಡಿ ಯಾರಿಗಾದ್ರೂ ಕೊಡಿ, ಅದ್ಕೇನಿಲ್ಲ. ಆದ್ರೆ ನಾನು ಸುಳ್ ಬರ್ದೋನಲ್ಲ" ಅಂದರು.

ಅಷ್ಟೇ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಎದ್ದೆ. ಡ್ರಾಯರ್ ಎಳೆದು ಆ ಹಾಳೆಯನ್ನು ಸಾಹೇಬರ ಮುಂದಿಟ್ಟೆ. "ಇವರು ಸರಿಯಾಗೇ ಬರ್ದಿದಾರೆ. ಕೂಡಿಸಿದ್ದು ನಾನು" ಅಂದೆ. ಸಾಹೇಬರು ಹಾಳೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನನ್ನನ್ನು ಬೈಯಲಿಲ್ಲ, ಕೆಲಸದಿಂದಲೂ ತೆಗೆಯಲಿಲ್ಲ. ನಿಟ್ಟೂರಿಗೆ ಹೊಸ ಪಂಪು ಕಳಿಸುವುದೆಂದೂ, ಉಳಿದ ಪುಸ್ತಕಗಳಿಗೆಲ್ಲ ತಿದ್ದುಪಡಿ ಚೀಟಿ ಅಂಟಿಸುವುದೆಂದೂ, ಮೇಷ್ಟ್ರ ಮನೆಗೆ ಹೋಗಿ ನಿಜ ಹೇಳಬೇಕಾದವಳು ನಾನೇ ಎಂದೂ ತೀರ್ಮಾನವಾಯಿತು.

ಮೇಸ್ತ್ರಿ ಹೊರಟಾಗ ಬಾಗಿಲವರೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಚ್ಚಿದರು. ಅದೇ ಪಟ್ಟಿ, ನೀಲಿ ಕಾರ್ಬನ್ ಅಕ್ಷರದಲ್ಲಿ.

"ನಿಮ್ಹತ್ರ ಇತ್ತಾ? ಮತ್ತೆ ಯಾಕೆ ತೋರಿಸ್ಲಿಲ್ಲ?" ಅಂದೆ.

"ನಾನ್ ತೋರಿಸಿದ್ರೆ ನಿಮ್ ಕೆಲ್ಸ ಹೋಗೋದು. ನೀವೇ ಹೇಳ್ತೀರ ಅನ್ಕೊಂಡೆ. ಎಂಟು ದಿನ ಕಾದೆ ಕಣಮ್ಮ" ಅಂದರು.