ಗೇಟಕ್ಕ ಅಂಗರಕ್ಷಕಿಯಾಗಲು ಹೊರಟಿದ್ದು

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಗೇಟಕ್ಕ. ಹನ್ನೊಂದು ವರ್ಷದಿಂದ ಮುಂಬಾಗಿಲಲ್ಲಿ ನಿಂತು, ಒಳಬರುವ ಹೆಂಗಸರ ಚೀಲ ತೆರೆಸಿ ನೋಡುವ ಕೆಲಸ. ವಯಸ್ಸು ಮೂವತ್ತೆಂಟು. ಮಾತು ಕಡಿಮೆ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಒಂದು ಮಧ್ಯಾಹ್ನ ಎರಡನೇ ಮಹಡಿಯಲ್ಲಿ ಗಲಾಟೆ ಎದ್ದಿತು. ತೀರಿಕೊಂಡ ರೋಗಿಯೊಬ್ಬನ ಕಡೆಯವರು ನಾಲ್ಕು ಜನ, ನರ್ಸಮ್ಮನದೇ ತಪ್ಪೆಂದು ಅವಳ ಮೇಲೆ ಏರಿಹೋಗಿದ್ದರು. ಗೇಟಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಆ ಮಹಡಿಯ ಕಾವಲಿನ ಮೂವರು ಗಂಡಸರಲ್ಲಿ ಒಬ್ಬ ಕಂಬದ ಮರೆಗೆ ಸರಿದಿದ್ದ, ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ, ಮೂರನೆಯವನ ಪತ್ತೆಯೇ ಇರಲಿಲ್ಲ. ಅವಳು ನರ್ಸಮ್ಮನ ರಟ್ಟೆ ಹಿಡಿದೆಳೆದು ಬಟ್ಟೆ ಒಟ್ಟುವ ಕೋಣೆಯೊಳಗೆ ನೂಕಿದಳು. ಒಳಗೆ ಚಿಲಕವಿರಲಿಲ್ಲ. ಬಾಗಿಲೆಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಸಲೈನ್ ತೂಗುಹಾಕುವ ಕಬ್ಬಿಣದ ಕಂಬಿ ಎಡಭುಜದ ಮೇಲೆ ಬಿತ್ತು. ಪೊಲೀಸರು ಬರುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಮೂಳೆ ಬಿರುಕು ಬಿಟ್ಟಿತ್ತು. ಏಳು ವಾರ ಕೈಯನ್ನು ಕುತ್ತಿಗೆಯಿಂದ ಜೋಲಿಯಲ್ಲಿ ಇಳಿಬಿಟ್ಟುಕೊಂಡಿದ್ದು ಕೆಲಸಕ್ಕೆ ಮರಳಿದಾಗ ಸುದ್ದಿ ಕಾದಿತ್ತು. ಗಲಾಟೆಯಾದ ಮೇಲೆ ದೊಡ್ಡ ಡಾಕ್ಟರಿಗೆ ಅಂಗರಕ್ಷಕರು ಬೇಕೆನಿಸಿತ್ತಂತೆ. ತರಬೇತಿಗೆ ಆಯ್ಕೆಯಾದವರು ಅದೇ ಮೂವರು.

ಅವಳು ನೇರ ಮ್ಯಾನೇಜರ್ ಕೋಣೆಗೆ ನುಗ್ಗಿ, ತನ್ನ ಹೆಸರನ್ನೂ ಸೇರಿಸಿ ಎಂದಳು. ಆತ ಫೋನಿನಿಂದ ಕಣ್ಣೆತ್ತಲಿಲ್ಲ.

"ನಿಮಗ್ಯಾಕಮ್ಮ ಈ ಉಸಾಬರಿ? ಹೆಂಗಸರ ಚೀಲ ನೋಡೋಕೂ ಯಾರಾದ್ರೂ ಬೇಕಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಳಿಸದಿದ್ದರೆ ಕತ್ತೆ ಬಾಲ, ತಾನೇ ಹೋಗಿ ಕಲಿಯುತ್ತೇನೆಂದು ಅಲ್ಲೇ ಹಟ ಹಿಡಿದಳು.

ಮೊದಲು ಹೋದ ತರಬೇತಿ ಕೇಂದ್ರದ ಗೋಡೆ ತುಂಬ ಕಪ್ಪು ಕನ್ನಡಕದ ಗಂಡಸರ ಫೋಟೋಗಳು. ತೋಳು ಉಬ್ಬಿಸಿಕೊಂಡು ಕೂತಿದ್ದ ಗುರು, ಹೆಂಗಸರಿಗೆ ಬೇರೆಯೇ ಕೋರ್ಸಿದೆ, ಹತ್ತೇ ದಿನದ್ದು ಎಂದ. ಅದರಲ್ಲೇನು ಕಲಿಸುತ್ತೀರಿ ಎಂದು ಕೇಳಿದರೆ, ನಡಿಗೆ, ನಿಲುವು, ದೊಡ್ಡವರ ಮನೆಯ ಹೆಂಗಸರ ಹಿಂದೆ ಬ್ಯಾಗು ಹಿಡಿದು ನಗುಮುಖದಿಂದ ನಿಲ್ಲುವುದು ಎಂದು ವಿವರಿಸಿದ. ಯಾರಾದರೂ ಚಾಕು ತೆಗೆದರೆ ಏನು ಮಾಡಬೇಕೆಂದು ಅವಳು ಕೇಳಿದಳು. ಗಂಡಸರನ್ನು ಕೂಗಬೇಕು ಎಂದ. ಕಂಬದ ಮರೆಯವನನ್ನೋ, ಮೊಬೈಲ್ ಹಿಡಿದವನನ್ನೋ ಎಂದು ಕೇಳಿ ಅವಳು ಎದ್ದು ಬಂದಳು. ಆತನಿಗೆ ತಲೆಬುಡ ಅರ್ಥವಾಗಿರಲಾರದು.

ಎರಡನೆಯದು ಹಳೆಯ ಗ್ಯಾರೇಜೊಂದರ ಹಿಂಭಾಗದಲ್ಲಿತ್ತು. ನಡೆಸುವವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹೆಂಗಸು; ಎಲ್ಲರೂ ಮೇಡಂ ಎನ್ನುತ್ತಿದ್ದರು. ಗೋಡೆಯ ಮೇಲೆ ಒಂದೂ ಫೋಟೋ ಇರಲಿಲ್ಲ. ಅವರು ಅವಳ ಎಡಗೈಯನ್ನು ತಲೆಯ ಮೇಲೆ ಎತ್ತಿಸಿದರು. ಕೈ ಕಿವಿಯ ಮಟ್ಟದಲ್ಲೇ ನಿಂತುಬಿಟ್ಟಿತು. ಎರಡು ತಿಂಗಳಲ್ಲಿ ಪ್ರವೇಶ ಪರೀಕ್ಷೆ, ಆ ಕೈ ಪೂರ್ತಿ ಮೇಲೇಳಬೇಕು, ಎರಡು ಕಿಲೋಮೀಟರನ್ನು ಹದಿಮೂರು ನಿಮಿಷದಲ್ಲಿ ಓಡಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು ಎಂದರು. ಕರುಣೆಯಿಲ್ಲ, ಕುಹಕವೂ ಇಲ್ಲ. ಗೇಟಕ್ಕ ಅಲ್ಲೇ ಅರ್ಜಿ ತುಂಬಿದಳು.

ಮನೆಯಲ್ಲಿ ದರ್ಜಿ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ಅವಳನ್ನೇ ನೋಡಿದ.

"ಈ ವಯಸ್ಸಲ್ಲಿ ಬೀದೀಲಿ ಓಡ್ತೀಯಾ? ಜನ ನಗ್ತಾರೆ ಕಣೇ."

"ನಗ್ಲಿ. ನಂಗೆ ಏಟು ಬಿದ್ದಾಗ್ಲೂ ನಿಂತು ನೋಡಿದ ಜನಾನೇ ಅಲ್ವಾ?"

ಮರುದಿನದಿಂದಲೇ ಅವಳು ಓಡತೊಡಗಿದಳು. ಐದನೆಯ ದಿನ, ಓಡುವಾಗ ಕಾಲಿಗೆ ತೊಡರುತ್ತಿದ್ದ ಅವಳ ಪ್ಯಾಂಟನ್ನು ಗಂಡ ತಾನಾಗಿಯೇ ಮೊಟಕು ಮಾಡಿ ಮಡಚಿಟ್ಟಿದ್ದ. ಅವಳು ತೊಟ್ಟುಕೊಂಡು ಹೋದಳು, ಆದರೆ ಥ್ಯಾಂಕ್ಸ್ ಹೇಳಲಿಲ್ಲ. ಅಷ್ಟಕ್ಕೆಲ್ಲ ಕರಗುವ ಸಿಟ್ಟು ಅದಾಗಿರಲಿಲ್ಲ.

ದಿನಾ ಬೆಳಿಗ್ಗೆ ಓಟ. ಊಟದ ಬಿಡುವಿನಲ್ಲಿ, ಆವತ್ತು ಅವಳು ಕಾಪಾಡಿದ್ದ ಅದೇ ನರ್ಸಮ್ಮ, ಮೆಟ್ಟಿಲ ತಿರುವಿನಲ್ಲಿ ಅವಳ ಕೈಯನ್ನು ಗೋಡೆಗುಂಟ ಇಂಚಿಂಚಾಗಿ ಮೇಲೆ ಹತ್ತಿಸುತ್ತಿದ್ದಳು. ರಕ್ತ ನಿಲ್ಲಿಸುವುದನ್ನೂ, ಉಸಿರು ಕಟ್ಟಿದವರ ಎದೆ ಒತ್ತುವುದನ್ನೂ ಕಲಿಸಿದವಳು ಅವಳೇ. ನೋವಿಗೆ ಗೇಟಕ್ಕನ ಕಣ್ಣಲ್ಲಿ ನೀರು ಬಂದರೆ, ಸಾಕಕ್ಕ ಎನ್ನುತ್ತಿದ್ದಳು. ಗೇಟಕ್ಕ ಹಲ್ಲು ಕಚ್ಚಿ, "ನೀನು ಎಣಿಸ್ತಾ ಇರು" ಎನ್ನುತ್ತಿದ್ದಳು. ಆ ಮೂವರು ಹೊಸ ಸಫಾರಿ ತೊಟ್ಟು ಪಕ್ಕದಲ್ಲೇ ಇಳಿದುಹೋಗುವಾಗ ಕೈ ಇನ್ನೆರಡು ಇಂಚು ಹೆಚ್ಚೇ ಏರುತ್ತಿತ್ತು.

ಪರೀಕ್ಷೆಯ ದಿನ ಓಟದಲ್ಲಿ ಅವಳೇ ಕಡೆಯವಳು, ಆದರೆ ಹದಿಮೂರು ನಿಮಿಷಕ್ಕೆ ಇನ್ನೂ ಎಂಟು ಸೆಕೆಂಡು ಉಳಿದಿತ್ತು. ಕೈ ಮೇಲೆದ್ದಿತು. ಕೊನೆಯದು, ಒಬ್ಬ ಹೆಂಗಸನ್ನು ಬಾಗಿಲಿನಿಂದ ಕಾರಿನವರೆಗೆ ಸುರಕ್ಷಿತವಾಗಿ ಕರೆದೊಯ್ಯುವುದು. ನಡುವೆ ಮೇಡಂ ನಿಲ್ಲಿಸಿದ್ದ ದಾಂಡಿಗನೊಬ್ಬ ಮೈಮೇಲೆ ಬಿದ್ದು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಅವಳಿಗಿಂತ ಮೊದಲು ಹೋದ ಮೂವರು ಹುಡುಗರು ಹೆಂಗಸನ್ನು ಅಲ್ಲೇ ಬಿಟ್ಟು ಅವನ ಜೊತೆ ಕಾದಾಟಕ್ಕೆ ಇಳಿದು ಅನುತ್ತೀರ್ಣರಾಗಿದ್ದರು.

ಗೇಟಕ್ಕನ ಸರದಿ ಬಂದಾಗ ಅವನು, "ಮುದುಕಿ, ಮನೆಗೆ ಹೋಗಿ ಪಾತ್ರೆ ತೊಳಿ" ಎಂದ. ಅವಳ ಕೈ ಮುಷ್ಟಿಯಾಯಿತು. ಆದರೂ ಅವನ ಕಡೆ ತಿರುಗದೆ, ಹೆಂಗಸಿನ ತಲೆ ಬಗ್ಗಿಸಿ, ತನ್ನ ಮೈಯನ್ನೇ ಅಡ್ಡ ಮಾಡಿ, ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದಳು. ಆಮೇಲೆ ದಾಪುಗಾಲಿಟ್ಟು ವಾಪಸು ಬಂದು ಅವನೆದುರು ನಿಂತಳು. ಬಾಯಿ ತೆಗೆದಳು ನೋಡಿ, ಏಳು ವಾರದ ನೋವು, ಹನ್ನೊಂದು ವರ್ಷದ ಗೇಟು, ಎಲ್ಲ ಒಟ್ಟಿಗೆ ಅವನ ಮೇಲೆ ಸುರಿಯಿತು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಮೇಡಂ ನಗಲಿಲ್ಲ. "ಕಾರಲ್ಲಿ ಕೂತವಳನ್ನ ಒಂಟಿ ಬಿಟ್ಟು ವಾಪಸ್ ಬಂದೆಯಲ್ಲ, ಅದು ತಪ್ಪು. ಹತ್ತು ಅಂಕ ಹೋಯ್ತು."

"ಹೋಗ್ಲಿ ಮೇಡಂ. ಇನ್ನೊಂದ್ಸಲ ಹಾಗೆ ಮಾಡಲ್ಲ."

"ಸೋಮವಾರ ಆರು ಗಂಟೆಗೆ ಬಾ."

ರಜೆ ಚೀಟಿ ಹಿಡಿದು ಹೋದಾಗ ಮ್ಯಾನೇಜರ್ ತರಬೇತಿಯ ಪ್ರವೇಶ ಪತ್ರವನ್ನು ಎರಡು ಸಲ ಓದಿದ. ಒಂದು ಮಾತು ಕೇಳಿದ್ದರೆ ನಾವೇ ಕಳಿಸುತ್ತಿದ್ದೆವಲ್ಲ ಎಂದ.

"ಕೇಳಿದ್ದೆ ಸಾರ್. ಇಲ್ಲೇ ನಿಂತು ಕೇಳಿದ್ದೆ," ಎಂದಳು ಗೇಟಕ್ಕ. "ಈಗ ಸಹಿ ಹಾಕಿ."

ಆತ ಪೆನ್ನು ಹುಡುಕತೊಡಗಿದ. ಅವಳು ಕೂರಲಿಲ್ಲ; ಆತ ಸಹಿ ಹಾಕುವವರೆಗೂ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು.