ಅಪ್ಪನ ದವಡೆಹಲ್ಲು

ನಮ್ಮಪ್ಪನಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿಯದು. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡ ಮನುಷ್ಯ. ತಳ ಸವೆದ ಹಂಡೆಯನ್ನೂ ಎಸೆಯಬೇಡಿ, ಬೆಸುಗೆ ಹಾಕಿಸಿಕೊಡುತ್ತೇನೆ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಾರೆ. ತಮ್ಮ ಬಾಯಿಯ ವಿಷಯ ಬಂದಾಗ ಆ ಬುದ್ಧಿ ಎಲ್ಲಿಗೆ ಹೋಯಿತೋ!

ನಾನಾಗ ದಂತವೈದ್ಯಕೀಯ ಓದುತ್ತಿದ್ದೆ. ರೋಗಿಗಳ ಬಾಯಿಗೆ ಕೈ ಹಾಕುವ ಮೊದಲು ಕಿತ್ತ ಹಲ್ಲುಗಳಲ್ಲಿ ರೂಟ್ ಕೆನಾಲ್ ಮಾಡಿ ತೋರಿಸಬೇಕು, ಆ ಹಲ್ಲುಗಳನ್ನು ನಾವೇ ಹುಡುಕಿ ತರಬೇಕು. ಬಾಟಲಿ ಹಿಡಿದು ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆದೆ. ಮುಂದಿನ ಹಲ್ಲುಗಳು ಬೇಕಾದಷ್ಟು ಸಿಕ್ಕವು. ಮೇಲಿನ ದವಡೆಹಲ್ಲು ಮಾತ್ರ ಸಿಗಲೊಲ್ಲದು. ಸಿಕ್ಕಿದ್ದೂ ಹೋಳಾಗಿರುತ್ತಿತ್ತು, ಇಲ್ಲವೇ ಬೇರು ಮುರಿದಿರುತ್ತಿತ್ತು. ಇತ್ತ ಅಮ್ಮನ ಕಾಟ ಬೇರೆ. "ಯಾರ್ ಬಾಯಿಂದ ಕಿತ್ತಿದ್ದೋ ಏನೋ, ಅದ್ನ ಒಳಗೆ ತಂದ್ರೆ ನೋಡು" ಎಂದು ಬಾಟಲಿಯನ್ನು ಬಚ್ಚಲ ಆಚೆ ಇಡಿಸಿದ್ದಳು.

ಆ ಹಲ್ಲೇ ಅಂಥದ್ದು. ಹೊರಗೆ ಕಲ್ಲಿನಂತಿದ್ದರೂ ಒಳಗೊಂದು ಪುಟ್ಟ ಕೋಣೆ. ಅದರ ನೆಲದಿಂದ ಬೇರುಗಳ ತುದಿಯವರೆಗೆ ಕೂದಲೆಳೆಯಷ್ಟು ಸಣ್ಣ ಕೊಳವೆಗಳು ಇಳಿಯುತ್ತವೆ. ನರ, ರಕ್ತನಾಳ ಇರುವುದು ಅಲ್ಲೇ. ಬೇರು ಮೂರು, ಹಾಗಾಗಿ ಕೊಳವೆಯೂ ಮೂರೇ ಎಂದುಕೊಂಡರೆ ಕೆಟ್ಟೆವು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಬಹಳ ಸಲ ನಾಲ್ಕನೆಯದೊಂದು ಅಡಗಿ ಕೂತಿರುತ್ತದೆ. ಅದನ್ನು ಬಿಟ್ಟು ಉಳಿದವನ್ನು ಎಷ್ಟೇ ಚೆನ್ನಾಗಿ ತೊಳೆದು ತುಂಬಿದರೂ ಸೋಂಕು ಒಳಗೇ ಉಳಿದು ಮತ್ತೆ ಕೀವಾಗುತ್ತದೆ, ರೋಗಿ ಬಂದು ನಮಗೆ ಮಂಗಳಾರತಿ ಎತ್ತುತ್ತಾರೆ. ಹೇಗೋ ಇಡಿಯಾಗಿ ಸಿಕ್ಕಿದ ಒಂದು ಹಲ್ಲಿನಲ್ಲಿ ಆ ನಾಲ್ಕನೆಯದನ್ನು ಹುಡುಕುತ್ತಾ ನಾನು ಕೋಣೆಯ ನೆಲವನ್ನೇ ತೂತು ಮಾಡಿದ್ದೆ. "ಇದು ಬೋರ್‌ವೆಲ್ ಅಲ್ಲಮ್ಮ" ಎಂದಿದ್ದರು ಕಾಲೇಜಿನಲ್ಲಿ ನಮ್ಮ ಕೆಲಸ ನೋಡುವ ಮೇಡಂ.

ಅದೇ ದಿನಗಳಲ್ಲಿ ಅಪ್ಪನಿಗೆ ಹಲ್ಲುನೋವು ಶುರುವಾಯಿತು. ಟಾರ್ಚ್ ಹಾಕಿ ನೋಡಿದರೆ ಅದೇ ಮೇಲಿನ ದವಡೆಹಲ್ಲು. ಒಂದು ಮೂಲೆ ಹುಳುಕಾಗಿತ್ತು, ಅಷ್ಟೇ.

"ಕೀಳಿಸ್ಬೇಡಿ ಅಪ್ಪಾ, ನಮ್ಮ ಕಾಲೇಜಿಗೆ ಬನ್ನಿ, ಉಳಿಸ್ತಾರೆ" ಎಂದು ದಿನವೂ ಗೋಗರೆದೆ.

"ಅಂಗಡಿ ಯಾರ್ ನೋಡ್ಕತಾರೆ? ನಾಳೆ ಬತ್ತೀನಿ ಬುಡು."

ಆ ನಾಳೆ ಬರಲೇ ಇಲ್ಲ. ಅಪ್ಪ ಲವಂಗ ಒತ್ತಿಕೊಂಡು, ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ ಒಂದೇ ಪಕ್ಕದಿಂದ ಅಗಿಯುತ್ತಾ ಕೂತಿರುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಫೋನಿನಲ್ಲಿ ಸಿಕ್ಕಸಿಕ್ಕವರನ್ನು ಬೇಡುತ್ತಿದ್ದೆ: ಬೇರು ಮುರಿಯದ ಮೇಲಿನ ದವಡೆಹಲ್ಲು ಒಂದೇ ಒಂದು ಕೊಡಿ, ಆ ನಾಲ್ಕನೆಯದನ್ನು ಹುಡುಕಿ ತೋರಿಸದಿದ್ದರೆ ರೋಗಿಯ ಕುರ್ಚಿಯ ಹತ್ತಿರವೂ ನನ್ನನ್ನು ಬಿಡುವುದಿಲ್ಲ ಎಂದು.

ಮೇಡಂಗೆ ಹಲ್ಲು ತೋರಿಸುವ ಗಡುವು ಹತ್ತಿರ ಬಂದಿತ್ತು. ಒಂದು ಸಂಜೆ ಅಪ್ಪ ಊದಿದ ಕೆನ್ನೆ ಹೊತ್ತು, ಹತ್ತಿ ಕಚ್ಚಿಕೊಂಡು ಅಂಗಡಿಯಿಂದ ಬಂದರು. ಕೈಯಲ್ಲಿ ಹೊಸದೊಂದು ಪುಟ್ಟ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ನೀರಿನಲ್ಲಿ ಅವರ ಹಲ್ಲು.

"ಡಾಕ್ಟ್ರು ಉಳಿಯಾಕಿಲ್ಲ ಅಂದ್ಬುಟ್ರು ಕಣಮ್ಮ. ಎಂಗೂ ನಿಂಗೆ ಬೇಕಿತ್ತಲ್ಲ, ತಕೋ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಕಲಿಯುತ್ತಿರುವುದು ಹಲ್ಲು ಉಳಿಸುವ ವಿದ್ಯೆ, ಅಪ್ಪ ಹೋಗಿ ಕೀಳಿಸಿಕೊಂಡು ಬಂದಿದ್ದಾರೆ! ಎದ್ದು ಹೋದೆ. ಆದರೆ ಡಬ್ಬಿಯನ್ನು ಬಿಟ್ಟು ಹೋಗಲಿಲ್ಲ.

ಕಾಲೇಜಿನಲ್ಲಿ ಹಲ್ಲನ್ನು ಪ್ಲಾಸ್ಟರಿನಲ್ಲಿ ನಿಲ್ಲಿಸಿ, ಕೋಣೆಯ ಸೂರು ಕೊರೆದು ತೆಗೆದೆ. ಮೂರು ಕೊಳವೆಗಳ ಬಾಯಿ ಬೇಗ ಸಿಕ್ಕವು. ಕೋಣೆಯ ನೆಲದಲ್ಲಿ ತೆಳ್ಳನೆಯ ಕಪ್ಪು ಗೆರೆಯೊಂದಿತ್ತು. ಅದರ ಜಾಡು ಹಿಡಿದು ತಡಕುತ್ತಾ ಹೋದಾಗ ಸೂಜಿಯ ಮೊನೆ ಒಂದು ಕಡೆ ಕಚ್ಚಿತು. ನಾಲ್ಕನೆಯದು! "ಶಹಬ್ಬಾಸ್" ಎಂದರು ಮೇಡಂ. ನನಗೆ ಅಳುವೇ ಬಂತು. ಬೇರುಗಳು ಗಟ್ಟಿಯಾಗಿದ್ದವು, ನಾಲ್ಕು ಕೊಳವೆಗಳೂ ತುದಿಯವರೆಗೆ ತೆರೆದಿದ್ದವು. ಇದನ್ನು ಉಳಿಸಲಾಗದು ಎಂದ ಆ ಮಹಾನುಭಾವ ಡಾಕ್ಟರು ಯಾರು?

ಮನೆಗೆ ಬಂದವಳೇ ಕೂಗಾಡಿದೆ. "ಯಾವ ಕ್ಲಿನಿಕ್ಕು ಹೇಳಿ, ನಾನೇ ಹೋಗಿ ಕೇಳ್ತೀನಿ!"

ಅಪ್ಪ ಗಂಜಿಯ ಲೋಟ ಕೆಳಗಿಟ್ಟರು.

"ಅವ್ರನ್ಯಾಕೆ ಬಯ್ತೀಯ? ಉಳಿಸ್ಬೋದು ಅಂತ್ಲೇ ಅಂದ್ರು. ನಾನೇ ಬ್ಯಾಡ ಅಂದೆ. ಬೇರು ಮುರೀದಂಗೆ ಉಷಾರಾಗಿ ತೆಗೀರಿ ಅಂತಾನೂ ಅಂದೆ."

ಅಪ್ಪ ಊದಿದ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು:

"ನಾಕ್ನೇದು ಸಿಕ್ತಾ ಮಗಾ?"