ಭೀಮರಾಜಣ್ಣನ ಎರಡು ಬೂದಿ ಬಣ್ಣ

ಗುಡೇಕೋಟೆಯಲ್ಲಿ ಸುಣ್ಣ ಬಳಿಯುವುದೆಂದರೆ ಭೀಮರಾಜಣ್ಣನೇ ಬಳಿಯಬೇಕು! ಹಸಿಯಿದ್ದಾಗ ಮಂಕಾಗಿ ಕಂಡ ಗೋಡೆ ಮಧ್ಯಾಹ್ನದ ಹೊತ್ತಿಗೆ ಒಣಗಿ ಹಾಲಿನ ಹಾಗೆ ಬೆಳ್ಳಗಾಗಿರುತ್ತಿತ್ತು. ಮೂವತ್ತು ವರ್ಷ ಅದೇ ಕೆಲಸ. ಪೇಂಟಿನ ಡಬ್ಬಿ ಮುಟ್ಟಿದವನೇ ಅಲ್ಲ.

ಈಗ ಮುಟ್ಟಿದ್ದು ಮಗಳಿಗಾಗಿ. ಚಿಗಟೇರಿಗೆ ಕೊಟ್ಟ ಮೇಘಾಳಿಗೆ ಏಳನೇ ತಿಂಗಳು. ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿಸಿ ತವರಿಗೆ ಕರೆತರಬೇಕು. ಚೊಚ್ಚಲ ಹೆರಿಗೆ, ಬಾಣಂತನ ಎಲ್ಲಾ ಇಲ್ಲೇ. ಮದುವೆಯಾದ ಎರಡು ವರ್ಷದಲ್ಲಿ ಅವಳು ಈ ಮನೆಯಲ್ಲಿ ಉಳಿದದ್ದು ಒಟ್ಟು ಐದೇ ದಿನ. ಆ ಐದೂ ದಿನ ಏನು ಅಡಿಗೆಯಾಗಿತ್ತು ಅಂತಲೂ ಭೀಮರಾಜಣ್ಣ ಹೇಳಬಲ್ಲ.

ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ: "ಯಪ್ಪಾ, ನನ್ನ ರೂಮಿಗೆ ಸುಣ್ಣ ಬ್ಯಾಡ. ಸಾಲಿಗೆ ಹೋಗಾಗ ದಿನಾ ಗೋಡಿ ಸುಣ್ಣ ಹತ್ತಿ ಬೆನ್ನೆಲ್ಲಾ ಬೆಳ್ಳಗಾಗಿರ್ತಿತ್ತು. ತೆಳ್ಳನ ಬೂದಿ ಬಣ್ಣ ಬಳಿ."

ಕಾನಹೊಸಹಳ್ಳಿಯ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಚ್ಚಿದರೆ ಬೂದಿಯಲ್ಲೇ ಎಷ್ಟು ಬಗೆ! ಕೊನೆಗೆ ಎರಡು ಉಳಿದವು. ಒಂದು ಬರೀ ಒಲೆಬೂದಿ. ಇನ್ನೊಂದು, ಆ ಬೂದಿಗೇ ಚೂರು ಜೋಳದ ಹಿಟ್ಟು ಬೆರೆಸಿದಂಥದ್ದು. ಎರಡನ್ನೂ ತಂದು ಅಕ್ಕಪಕ್ಕ ಬಳಿದು ನೋಡಿದ. ಹಿಟ್ಟಿನದು ತೀರಾ ತೆಳುವಾಯಿತು. ಒಲೆಬೂದಿ ಸ್ವಲ್ಪ ಗಾಢ, ಆದರೆ ಒಣಗಿದರೆ ಬೆಳ್ಳಗಾಗುತ್ತದಲ್ಲ! ಅದನ್ನೇ ಅರ್ಧ ಗೋಡೆಗೆ ಎಳೆದುಬಿಟ್ಟ.

ಒಣಗಿತು. ಬೆಳ್ಳಗಾಗುವುದಿರಲಿ, ಇನ್ನೂ ಕಪ್ಪಗಾಯಿತು.

ಹೆಂಡತಿ ಅಂಜಿನಕ್ಕ ಬಾಗಿಲಲ್ಲಿ ನಿಂತು ನಕ್ಕಳು. "ಇದನ್ನೂ ಸುಣ್ಣ ಅಂದ್ಕಂಡ್ರೇನು? ಬಾಣಂತಿ ರೂಮೋ, ಕುರಿ ಹಟ್ಟಿನೋ?"

"ನಗಬ್ಯಾಡ, ಸುಮ್ಕಿರು. ಇದು ಉಲ್ಟಾ ಒಣಗತೈತಿ ಅಂತ ನನಗೇನು ಗೊತ್ತು?"

"ಆ ಜ್ವಾಳದ ಹಿಟ್ಟಿಂದು ನೋಡ್ರಿ, ಈಗ ಸರಿ ಬಂದೈತಿ."

ಬಂದಿತ್ತು, ನಿಜ. ಆದರೆ ಒಮ್ಮೆ ಮೋಸ ಹೋದ ಕಣ್ಣನ್ನು ಅವನು ನಂಬಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಹಚ್ಚಿ ಗೋಡೆ ತೋರಿಸಿದ.

"ಎರಡೂ ಒಂದಾ ಕಾಣ್ತಾವಲ್ಲಪ್ಪಾ!"

"ಫೋನಿನಾಗ ಹಂಗವ್ವಾ. ಇಲ್ಲಿ ಬ್ಯಾರೆ ಬ್ಯಾರೆ ಅದಾವ. ನೀ ಬಂದು ನೋಡಿದ್ರ ತಿಳಿತೈತಿ."

ಮೇಘಾ ಮೆಲ್ಲಗೆ ಹೇಳಿದಳು. "ಹರಪನಹಳ್ಳಿ ಆಸ್ಪತ್ರಿ ಹತ್ರ ಐತಿ, ಹೆರಿಗಿ ಇಲ್ಲೇ ಆಗ್ಲಿ ಅಂತಾರ ಅತ್ತಿ."

"ನಿನಗೇನು ಅನಸ್ತೈತಿ?"

"ನನಗ ಬರಬೇಕು ಅನಸ್ತೈತಪ್ಪಾ. ಬಾಣಂತನಕ್ಕರ ಕಳಸ್ರಿ ಅಂತ ಕೇಳೀನಿ. ಇನ್ನಾ ಏನೂ ಅಂದಿಲ್ಲ."

ಫೋನಿಟ್ಟ ಮೇಲೆ ಭೀಮರಾಜಣ್ಣ ಹಿಟ್ಟಿನ ಬಣ್ಣದ ಡಬ್ಬಿಯ ಮುಚ್ಚಳ ತೆಗೆದ. ಕಪ್ಪಾದ ಅರ್ಧ ಗೋಡೆ ಮುಚ್ಚಬೇಕಾದರೆ ಒಂದರ ಮೇಲೊಂದು ಎರಡು ಕೈ ಬಳಿಯಲೇಬೇಕು.

ಅಂಜಿನಕ್ಕ ಈಗ ನಗುತ್ತಿರಲಿಲ್ಲ. "ಅವರು ಹೂಂ ಅಂದ ಮ್ಯಾಲೆ ಬಳದ್ರ ಆಗಂಗಿಲ್ಲೇನ್ರಿ?"

"ಆಗ ಬಳದ್ರ ಪೇಂಟಿನ ವಾಸನಿ ಹೋಗಂಗಿಲ್ಲ," ಅಂದ ಭೀಮರಾಜಣ್ಣ, ಬ್ರಷ್ ಅದ್ದುತ್ತಾ. "ಎಳೇ ಕೂಸಿಗೆ ತಡಿಯಂಗಿಲ್ಲದು. ಆ ಕಿಟಕಿ ತಗಿ."